ಒಂದು ನಿಮಿಷದ ಕುಲುಮೆಗೆ ಹಾಲುಕ್ಕಿಸಿದ್ದು

ಮನುಷ್ಯ ಬೆಂಕಿಯನ್ನು ಹತೋಟಿಗೆ ತಂದುಕೊಂಡ ದಿನವೇ ನಾಗರಿಕತೆ ಹುಟ್ಟಿತು ಎಂದು ಬಲ್ಲವರು ಹೇಳುತ್ತಾರೆ. ಶಹಾಪುರದ ನಮ್ಮ ಮನೆಯಲ್ಲಿ ಅದಿನ್ನೂ ಹುಟ್ಟಬೇಕಾಗಿದೆ.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ನಡುವಯಸ್ಸಿನಲ್ಲಿ ಪಿಎಚ್‌ಡಿಯ ಚಟ ಹತ್ತಿಸಿಕೊಂಡವನು. ವಿಷಯ ಪಿಂಗಾಣಿ. ಚಹಾದ ಕಪ್-ಬಸಿಯದಲ್ಲ. ಒಳಗಿನ ಚಪ್ಪಟೆ ಕಣಗಳೆಲ್ಲ ಒಂದೇ ದಿಕ್ಕಿಗೆ ಮಲಗಿರಬೇಕಾದ ಮಹಾ ಶಿಸ್ತಿನ ಪಿಂಗಾಣಿ. ಹೆಂಡತಿ ಮಹಾದೇವಿಗೆ ಇದನ್ನು ವಿವರಿಸಿದಾಗ, “ಕಾಲುವಿ ಗದ್ದ್ಯಾಗ ನೆಲ್ಲು ಸಾಲು ಹಿಡದು ಹಚ್ತಾರಲ್ರಿ, ಹಂಗ. ಅದಕ್ಕ ಇಷ್ಟು ವರ್ಷ ಬೇಕೇನು?” ಎಂದಳು. ವರ್ಷ ಹಿಡಿದದ್ದು ಕರೆಂಟಿನ ದೆಸೆಯಿಂದ. ಹಳೆಯ ಕುಲುಮೆಯಲ್ಲಿ ಈ ಪಿಂಗಾಣಿಯ ಒಂದು ಬಿಲ್ಲೆ ಸುಟ್ಟು ಗಟ್ಟಿಯಾಗಲು ಇಡೀ ಹಗಲು ಬೇಕು. ಕಾಲುವೆಗೆ ನೀರು ಬಿಟ್ಟರೆಂದರೆ ದಂಡೆಯುದ್ದಕ್ಕೂ ಪಂಪ್‌ಸೆಟ್ಟುಗಳು ಗುಡುಗತೊಡಗಿ, ನನ್ನ ಕುಲುಮೆ ಚಹಾದಷ್ಟು ಬಿಸಿಯಾಗಿ ನಿಂತುಬಿಡುತ್ತದೆ. ಆದ್ದರಿಂದ ಶೀಘ್ರ ವಿಧಾನಕ್ಕೆ ಶರಣಾದೆ. ಇದ್ದಿಲಿನ ನಾರಿನ ಎರಡು ಪಟ್ಟಿಗಳ ನಡುವೆ ಬಿಲ್ಲೆಯಿಟ್ಟು, ಆರ್ಗಾನ್ ಅನಿಲ ತುಂಬಿದ ಗಾಜಿನ ಗುಮ್ಮಟದೊಳಗೆ ಕರೆಂಟು ಹಾಯಿಸಿದರೆ ಒಂದೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಕಾಲೇಜಿನಲ್ಲಿ ಪರೀಕ್ಷೆ ನಡೆದಿದ್ದರಿಂದ ಇದನ್ನು ಮನೆಯ ಹಿಂದಿನ ಕೋಣೆಯಲ್ಲಿ ಹೂಡಿದೆ. ಉಳಿದದ್ದು ಒಂದೇ ಬಿಲ್ಲೆ. ಅದು ಇಡಿಯಾಗಿ ಹೊರಬಂದರೆ ಬೆಂಗಳೂರಿನ ಪ್ರಯೋಗಶಾಲೆ ಅದರ ಗುಣಗಳನ್ನು ಅಳೆದು ಕೊಡುತ್ತದೆ, ನಾನು ಡಾಕ್ಟರಾಗುತ್ತೇನೆ. ಇಲ್ಲವಾದರೆ ನನ್ನ ಪಿಎಚ್‌ಡಿ ನೋಂದಣಿ ಆ ತಿಂಗಳಿಗೇ ಮುಗಿಯುತ್ತದೆ. ಸ್ವಿಚ್ಚಿಗೆ ಕೈ ಹಾಕಿದಾಗ ಮಹಾದೇವಿ ಹಾಲಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಹೊಸಾ ಒಲಿ ಅದ. ಮೊದಲ ಹಾಲು ಉಕ್ಕಿಸ್ರಿ.”

“ಇದು ಒಲಿ ಅಲ್ಲ.”

“ಬೆಂಕಿ ಆಗ್ತದಿಲ್ಲೋ?”

“ಆಗ್ತದ, ಆದ್ರ...”

“ಮತ್ತ? ಒಲಿ ಅಲ್ದ ತಿಜೋರಿ ಅದ ಏನ್ರಿ? ಗ್ಯಾಸಿನ ಒಲಿ ಹಾಲು ಉಕ್ಕಿಸಲಾರದ ಹಚ್ಚಿದ್ರಿ. ಅವತ್ತಿನಿಂದ ಒಂದು ದಿನಾನರ ರೊಟ್ಟಿ ಛಂದ ಬಂದಾವೇನು?”

ರೊಟ್ಟಿಯ ವಿಷಯ ಅವಳೇ ಬಾಯಿಬಿಟ್ಟು ಒಪ್ಪಿದ ಅಪರೂಪದ ಗಳಿಗೆಯದು. ನಾನು ಮೆತ್ತಗಾದೆ. ಬಿಲ್ಲೆಯನ್ನು ಪಕ್ಕಕ್ಕಿಟ್ಟು, ಪಟ್ಟಿಯ ಮೇಲೆ ಒಂದು ಚಮಚ ಹಾಲು ಹಾಕಿಸಿ, ಕ್ಷಣಮಾತ್ರ ಕರೆಂಟು ಕೊಟ್ಟೆ. ಹಾಲು ಉಕ್ಕುವ ಗೋಜಿಗೇ ಹೋಗದೆ ಮಾಯವಾಯಿತು. “ಉಕ್ಕಲಿಲ್ಲಲ್ರಿ!” ಎಂದು ಮತ್ತೆರಡು ಚಮಚ ಸುರಿದಳು. ಈ ಸಲ ಉಕ್ಕಿ, ಪಟ್ಟಿಯ ತುಂಬ ಹರಿಯಿತು. “ಹಾಂ, ಈಗ ನಡೀಲಿ” ಎಂದು ಅಪ್ಪಣೆಯಾಯಿತು.

ಬಟ್ಟೆಯಿಂದ ಒರೆಸಿದೆ, ಒಣಗಿತೆಂದು ನಂಬಿದೆ. ನಾರು ನೀರು ಕುಡಿಯುತ್ತದೆಂದು ಪ್ರತಿ ವರ್ಷ ಪಾಠ ಮಾಡುವ ನಾನು, ಅದನ್ನು ವಿದ್ಯಾರ್ಥಿಗಳಿಗಷ್ಟೇ ಅನ್ವಯಿಸುವ ಸಂಗತಿಯೆಂದು ತಿಳಿದಿದ್ದೆನೋ ಏನೋ. ಬಿಲ್ಲೆಯಿಟ್ಟು, ಗುಮ್ಮಟ ಮುಚ್ಚಿ, ಸ್ವಿಚ್ಚು ಒತ್ತಿದೆ. ಬೆಳ್ಳನೆ ಬೆಳಕಾಯಿತು. ನಾರಿನಲ್ಲಿ ಅಡಗಿದ್ದ ತೇವ ಉಗಿಯಾಗಿ ಒಳಗೆ ಟಪ್ಪೆಂದಿತು.

“ಏನ್ರಿ ಅದು?”

“ಉಕ್ತು” ಎಂದೆ.

ಬಿಲ್ಲೆ ಮೂರು ಚೂರಾಗಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೂರರಲ್ಲೂ ಕಣಗಳು ಒಂದೇ ದಿಕ್ಕಿಗೆ ಮಲಗಿದ್ದವು. ಆ ಪ್ರಯೋಗಶಾಲೆ ಚೂರುಗಳನ್ನು ಅಳೆಯುವುದಿಲ್ಲ. ನೋಂದಣಿ ತಿಂಗಳ ಕೊನೆಗೆ ರದ್ದಾಯಿತು.