ನಾಲ್ಕು ಲಾಟಿನ ಕುರಿ

“ಇವತ್ತೊಂದು ದಿನ ಈ ಮನಿಯಿಂದ ಮೊಬೈಲಿಗೆ ಗಡೀಪಾರು!”

ಶನಿವಾರ ಬೆಳಿಗ್ಗೆ ಉಗ್ಗಾಣಿಯ ತಟ್ಟೆಯ ಮುಂದೆ ಕೂತು, ಅರ್ಧ ಕಚ್ಚಿದ ಮೆಣಸಿನಕಾಯಿ ಬಜ್ಜಿಯನ್ನು ಮೇಲೆತ್ತಿ ಕೊಟ್ರೇಶ ಹೀಗೆ ರಾಜಾಜ್ಞೆ ಹೊರಡಿಸಿದಾಗ ಅವನ ಹೆಂಡತಿ ಮಹಾಲಕ್ಷ್ಮಿ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದಳು. ಆಕೆ ಶಾಲೆಯ ಟೀಚರು. ಕರ್ನೂಲಿನಲ್ಲಿ ಒಂದು ದಿನದ ಟ್ರೈನಿಂಗು. ಅತ್ತೆ ಹೊಳಗುಂದದ ತಂಗಿಯ ಮನೆಗೆ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದರು. ನಾಲ್ಕು ವರ್ಷದ ಮಗಳು ಅಮೂಲ್ಯಳಿಗೆ ರಜೆ. ಹೀಗಾಗಿ ಕೂಸು ಸಂಜೆಯವರೆಗೆ ಅಪ್ಪನ ವಶ.

“ದೊಡ್ಡ ಮಾತು ಬ್ಯಾಡ್ರೀ. ಹೋದ ಸಲ ಎರಡು ತಾಸು ಬಿಟ್ಟು ಹೋಗಿದ್ದೆ. ತಿರುಗಿ ಬಂದಾಗ ಕೂಸು ಮೊಬೈಲಿನ್ಯಾಗ, ನೀವು ನಿದ್ದಿಯಾಗ!”

“ಅದು ಹಳೇ ಕೊಟ್ರೇಶ! ಈ ಸಲ ಒಂದು ವಾರ ವಿಡಿಯೋ ನೋಡಿ ತಯಾರಾಗೀನಿ. ಕ್ರಾಫ್ಟು! ಬೆಂಡಿಕಾಯಿ ಅಚ್ಚು, ಅಂಗೈ ನವಿಲು, ಹತ್ತಿ ಕುರಿ! ಸಂಜಿಗೆ ಬಂದು ನೋಡು, ನಿನ್ನ ಮಗಳು ದೊಡ್ಡ ಕಲಾವಿದೆ ಆಗಿರ್ತಾಳ.”

“ಆಗ್ಲಿ. ಗ್ವಾಡಿ ಮಾತ್ರ ಗ್ವಾಡಿನೇ ಆಗಿರ್ಲಿ,” ಎಂದು ಮಹಾಲಕ್ಷ್ಮಿ ಬಸ್ಸಿಗೆ ಓಡಿದಳು.

ಆಕೆಯ ಬೆನ್ನಿಗೇ ಕೊಟ್ರೇಶನ ಅಪ್ಪ ಏಕಾಂತಪ್ಪ ಹೆಗಲ ಮೇಲೆ ಟವೆಲು ಹಾಕಿಕೊಂಡು ಮಾರ್ಕೆಟ್‌ ಯಾರ್ಡಿಗೆ ಹೊರಟರು. ಆದೋನಿಯಲ್ಲಿ ನಲವತ್ತು ವರ್ಷದಿಂದ ಹತ್ತಿ ವ್ಯಾಪಾರ ಮಾಡಿದ ಕೈ ಅದು. ಒಂದು ಚಿಟಿಕೆ ಹತ್ತಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದು ನೋಡಿದರೆ ಸಾಕು, ಎಳೆ ಎಷ್ಟು ಉದ್ದ, ಕಸ ಎಷ್ಟು, ಯಾವ ಊರಿನ ಕಡೆಯದು ಎಲ್ಲ ಹೇಳಿಬಿಡುತ್ತಿದ್ದರು. ಮನೆಯ ಮುಂದಿನ ಖೋಲಿಯೇ ಅವರ ಆಫೀಸು. ಅಲ್ಲಿ ಹಾಸಿದ್ದ ಗಾದಿಯ ಮೇಲೆ ಪೇಪರಿನಲ್ಲಿ ಸುತ್ತಿದ ನಾಲ್ಕು ಹತ್ತಿಯ ಪೊಟ್ಟಣಗಳನ್ನು ತೋರಿಸಿ ಹೇಳಿದರು:

“ನಾಲ್ಕು ಲಾಟಿನ ಸ್ಯಾಂಪಲ್ ಐತಿ. ನಾಲ್ಕು ಗಂಟೆಗೆ ಮಿಲ್ಲಿಗೆ ಹತ್ತಿ ಖರೀದಿ ಮಾಡೋ ನರಸಪ್ಪನ್ನ ಕರ್ಕೊಂಡು ಬರ್ತೀನಿ. ಐದೂವರಿಗೆ ಆತಗ ಟ್ರೇನು. ಇವತ್ತು ಸ್ಯಾಂಪಲ್ ತೋರಿಸಾಂವ ನೀನು.”

ಕೊಟ್ರೇಶನ ಎದೆ ಎರಡು ಬೆರಳಷ್ಟು ಉಬ್ಬಿತು. ಅದಕ್ಕೆ ಕಾರಣವಿತ್ತು. ಆ ನಾಲ್ಕು ರಾಶಿ ಮಾಲಿನಲ್ಲಿ ಮೊದಲ ಮೂರು ಲಾಟು ಅಪ್ಪ ಖರೀದಿಸಿದ್ದು. ನಾಲ್ಕನೆಯದು, ನಂದವರಂ ಕಡೆಯದು, ಕೊಟ್ರೇಶ ತನ್ನ ಜೀವಮಾನದಲ್ಲಿ ಮೊದಲ ಸಲ ಸ್ವಂತ ಬುದ್ಧಿಯಿಂದ ಕೊಂಡು ತಂದದ್ದು! ತಂದ ದಿನ ಅಪ್ಪ ಒಂದು ಚಿಟಿಕೆ ಎಳೆದು ನೋಡಿ, “ಹೂಂ” ಎಂದಿದ್ದರು. ಅಷ್ಟೇ. ಆ ‘ಹೂಂ’ ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಕೊಟ್ರೇಶ ಹತ್ತು ದಿನದಿಂದ ನಿದ್ದೆಗೆಟ್ಟಿದ್ದ. ಇವತ್ತು ನರಸಪ್ಪ ಒಂದು ಒಳ್ಳೆಯ ಮಾತು ಹೇಳಬೇಕು, ಅದನ್ನು ಅಪ್ಪ ಕೇಳಬೇಕು. ಮೂವತ್ತನಾಲ್ಕು ವರ್ಷದ ಗಂಡಸಿಗೆ ಅದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ.

“ನೀವೇನೂ ಚಿಂತಿ ಮಾಡಬ್ಯಾಡ್ರಿ ಅಪ್ಪಾಜಿ. ಕಣ್ಣು ಮುಚ್ಚಿ ಮುಟ್ಟಿದ್ರೂ ನನ್ನ ಮಾಲಿನ ಗುರ್ತು ಹೇಳ್ತೀನಿ!”

“ಹೂಂ,” ಎಂದರು ಅಪ್ಪ. ಹೋದರು.

ಒಂಬತ್ತು ಗಂಟೆಗೆ ಕಲಾಶಾಲೆಯ ಉದ್ಘಾಟನೆ. ಮೊದಲು ಬೆಂಡೆಕಾಯಿ. ಅಡ್ಡ ಕೊಯ್ದು, ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿದರೆ ಹೂವು! ವಿಡಿಯೋದಲ್ಲಿ ಮಗು ಐದು ಹೂವು ಒತ್ತಿ ನಗುತ್ತಾ ಕೂತಿತ್ತು. ಅಮೂಲ್ಯ ಐದು ಹೂವನ್ನು ಅರ್ಧ ನಿಮಿಷದಲ್ಲಿ ಒತ್ತಿ ಮುಗಿಸಿ ಮೇಲೆದ್ದಳು. ಕಾಗದದಿಂದ ನೆಲಕ್ಕೆ, ನೆಲದಿಂದ ಗೋಡೆಗೆ, ಗೋಡೆಯಿಂದ ಅಪ್ಪನ ಬಿಳಿ ಅಂಗಿಗೆ ಹೂವು ಹಬ್ಬಿತು. ರಾತ್ರಿಯ ಪಲ್ಯಕ್ಕೆಂದು ಇಟ್ಟಿದ್ದ ಅರ್ಧ ಕಿಲೋ ಬೆಂಡೆಕಾಯಿ ಹತ್ತು ಗಂಟೆಗೇ ಖಲಾಸ್!

“ಗ್ವಾಡಿಗೆ ಬ್ಯಾಡವ್ವಾ, ಅಮ್ಮ ಬೈತಾಳ!”

“ನಿನಗ ಬೈತಾಳ. ನಾನು ಸಣ್ಣಾಕಿ,” ಎಂದಳು ಮಗಳು. ಈ ಕಾನೂನು ಪಾಯಿಂಟಿಗೆ ಮಣಿದು ಕೊಟ್ರೇಶ ಮುಂದಿನ ಪಾಠಕ್ಕೆ ಬಣ್ಣ ಕಲಸಿದ.

ಎರಡನೆಯದು ಅಂಗೈ ನವಿಲು. ಅಪ್ಪನ ಅಂಗೈಗೆ ನೀಲಿ, ಮಗಳ ಅಂಗೈಗೆ ಹಸಿರು. ಸರಿಯಾಗಿ ಅದೇ ಹೊತ್ತಿಗೆ ಗಡೀಪಾರಾಗಿ ಕಪಾಟಿನ ಮೇಲಿದ್ದ ಮೊಬೈಲು ರಿಂಗಾಯಿತು. ಬಸ್ಸಿನಿಂದ ಮಹಾಲಕ್ಷ್ಮಿ. ನೀಲಿ ಕೈಯಲ್ಲಿ ಎತ್ತಿದ್ದರಿಂದ ಮೊಬೈಲು ನೀಲಿಯಾಯಿತು, ಕಿವಿ ನೀಲಿಯಾಯಿತು, ಕೆನ್ನೆಯೂ ನೀಲಿಯಾಯಿತು.

“ಎಲ್ಲಾ ಸುಸೂತ್ರ ಐತೇನ್ರಿ?”

“ಒಂದಕ್ಕೊಂದು ಭರ್ಜರಿ! ನೀ ನಿಶ್ಚಿಂತಿಯಿಂದ ಹೋಗು,” ಎಂದ ನೀಲಕಂಠನಾದ ಕೊಟ್ರೇಶ.

ಮೂರನೆಯದು ಹತ್ತಿ ಕುರಿ. ಇದೇ ಕೊಟ್ರೇಶನ ಬ್ರಹ್ಮಾಸ್ತ್ರ. ಫ್ಯಾನಿನ ರಟ್ಟಿನ ಡಬ್ಬಿ ಬಿಚ್ಚಿ, ಅದರ ಮೇಲೆ ಕುರಿ ಬರೆದ. ಬರೆಯುವ ಹುಮ್ಮಸ್ಸಿನಲ್ಲಿ ಕುರಿ ಬೆಳೆದು ಬೆಳೆದು ಎಮ್ಮೆಕರುವಿನಷ್ಟಾಯಿತು. ಅಂಟು ಬೇಕಲ್ಲ? ಮೈದಾ ಕುದಿಸಿದ. ಎರಡು ಚಮಚ ಸಾಕಾಗಿತ್ತು. ಇವನು ಎರಡು ಲೋಟ ಸುರಿದ. ಸಾರಿನ ಬೋಗುಣಿ ತುಂಬ ಅಂಟು! ಎಲೆಕ್ಷನ್ನಿಗೆ ಊರಿನ ಗೋಡೆಗೆಲ್ಲ ಪೋಸ್ಟರು ಅಂಟಿಸಿ ಮಿಗುವಷ್ಟು.

ದೇವರ ಖೋಲಿಯಲ್ಲಿ ಬತ್ತಿಗೆಂದು ಇಟ್ಟಿದ್ದ ಹತ್ತಿ ತಂದು ಇಬ್ಬರೂ ಕೂಡಿ ಅಂಟಿಸಿದರು. ಅದು ಕುರಿಯ ಎರಡು ಕಿವಿಗೆ ಮುಗಿಯಿತು. ಬೇರೆ ಎಲ್ಲೂ ಇಲ್ಲ. ಆದೋನಿಯಲ್ಲಿ, ಹತ್ತಿ ವ್ಯಾಪಾರಿಯ ಮನೆಯಲ್ಲಿ, ಹತ್ತಿಗೆ ಬರ!

“ಅಪ್ಪಾ, ಕುರಿಗೆ ಚಳಿ ಆಗತೈತಿ.”

“ಉಂಡು ಆಮ್ಯಾಲೆ ಹತ್ತಿ ತರ್ತೀನಿ, ನನ್ನವ್ವ. ಕುರಿಗೆ ಹೇಳು, ಒಂದಿಷ್ಟು ತಡಕೊಳ್ಳಾಕ.”

ಉಂಡ ಮೇಲೆ ಕೊಟ್ರೇಶ ಆಫೀಸು ಖೋಲಿಗೆ ಬಂದ. ಪೊಟ್ಟಣಗಳನ್ನು ಪಕ್ಕಕ್ಕೆ ಸರಿಸಿ ಗಾದಿಯ ಮೇಲೆ ಅಡ್ಡಾದ. ಅದೆಂಥ ಗಾದಿ ಮಹರಾಯ! ಕೊಟ್ರೇಶನ ತಾತನ ಕಾಲದ್ದು. ಗಂಟುಗಂಟು, ಎಲ್ಲಿ ಮಲಗಿದರೂ ಬೆನ್ನಿಗೆ ಚುಚ್ಚುತ್ತಿತ್ತು, ಒಂದು ಮೂಲೆ ಹರಿದು ಹತ್ತಿ ಹೊರಗೆ ಇಣುಕುತ್ತಿತ್ತು. ಹೊಸದು ಮಾಡಿಸೋಣವೆಂದು ಮಹಾಲಕ್ಷ್ಮಿ ಹತ್ತು ಸಲ ಹೇಳಿದ್ದಳು. ಆದರೆ ಏಕಾಂತಪ್ಪ ಅದನ್ನು ಬದಲಿಸಗೊಡುತ್ತಿರಲಿಲ್ಲ. ಯಾಕೆಂದೂ ಹೇಳುತ್ತಿರಲಿಲ್ಲ.

‘ಐದೇ ನಿಮಿಷ’ ಎಂದುಕೊಂಡು ಕೊಟ್ರೇಶ ಕಣ್ಣು ಮುಚ್ಚಿದ.

ಕಣ್ಣು ಬಿಟ್ಟಾಗ ಮೂರೂ ನಲವತ್ತು! ಮನೆಯಲ್ಲಿ ಸದ್ದೇ ಇಲ್ಲ. ನಾಲ್ಕು ವರ್ಷದ ಮಗು ಇರುವ ಮನೆಯಲ್ಲಿ ಸದ್ದಿಲ್ಲ ಎಂದರೆ ತಂದೆಯಾದವನ ಎದೆ ಧಸಕ್ಕೆನ್ನುತ್ತದೆ. ಒಳಗೆ ಓಡಿದ. ನೋಡಿದರೆ, ಅಲ್ಲಿ ಅಮೂಲ್ಯ ಮೊಣಕೈವರೆಗೆ ಅಂಟು ಮೆತ್ತಿಕೊಂಡು ಕೂತಿದ್ದಾಳೆ. ಮುಂದೆ ಕುರಿ! ಮುಖ, ಹೊಟ್ಟೆ, ಬೆನ್ನು, ಬಾಲ, ಎಲ್ಲಾ ಕಡೆ ತುಂಬಿ ತುಳುಕುವ ಉಣ್ಣೆ! ಕೊಟ್ರೇಶ ಹೆಮ್ಮೆಯಿಂದ ಚಪ್ಪಾಳೆ ತಟ್ಟಿದ.

“ಭಲೇ ನನ್ನವ್ವಾ! ಒಬ್ಬಾಕಿನೇ ಮಾಡಿದೇನು? ಇಷ್ಟೊಂದು ಹತ್ತಿ ಎಲ್ಲಿತ್ತು?”

“ನೀ ಮಲಗಿದ್ದೆಲ್ಲ, ನಿನ್ನ ಬಾಜೂಕ ಇತ್ತು. ನಾಲ್ಕು ಪೊಟ್ಟಣ.”

ಕೊಟ್ರೇಶ ಗಾದಿಯ ಕಡೆ ಓಡಿದ, ಖಾಲಿ ಪೇಪರು ಹಿಡಿದು ತಿರುಗಿ ಬಂದ. ಲಾಟಿನ ನಂಬರು ಬರೆದ ಚೀಟಿಗಳಾದರೂ ಸಿಕ್ಕಾವೆಂದು ಹುಡುಕಿದ. ಸಿಕ್ಕವು. ನಾಲ್ಕೂ ಚೀಟಿ ಕುರಿಯ ನಾಲ್ಕು ಗೊರಸಾಗಿದ್ದವು. ಬೀಜ ಬಿಡಿಸಿ ಮಾಲು ಇಟ್ಟಿದ್ದ ಜಿನ್ನಿಂಗ್ ಫ್ಯಾಕ್ಟರಿಗೆ ಹೋಗಿ ಬೇರೆ ಸ್ಯಾಂಪಲ್ ತರೋಣವೆಂದರೆ ಅದು ಇಪ್ಪತ್ತು ಮೈಲಿ ದೂರ. ಹೋಗಿ ಬರುವಷ್ಟರಲ್ಲಿ ನರಸಪ್ಪನ ಟ್ರೇನು ಹೊರಟಿರುತ್ತದೆ.

ಇರಲಿ! ಕೈಗೆ ಗುರುತಿಲ್ಲವೇ? ಕೊಟ್ರೇಶ ಕುರಿಯ ಮೇಲೆ ಕೈಯಾಡಿಸಿದ. ಮುಖ ಮುಟ್ಟಿದ: ಇದು ತನ್ನದೇ ಇರಬೇಕು. ಹೊಟ್ಟೆ ಮುಟ್ಟಿದ: ಇದೂ ತನ್ನದೇ ಅನ್ನಿಸಿತು. ಬೆನ್ನು ಮುಟ್ಟಿದ: ಇದೂ ತನ್ನದೇ ಏನು? ಹತ್ತು ದಿನ ಊರಿಗೆಲ್ಲ ಹೊಗಳಿಕೊಂಡು ತಿರುಗಿದ ಸ್ವಂತ ಮಾಲು, ಕಣ್ಣು ತೆರೆದು ನೋಡಿದರೂ ಗುರುತು ಸಿಗಲೊಲ್ಲದು! ಒಂದಿಷ್ಟು ಕಿತ್ತು ನೋಡೋಣವೆಂದು ಮುಖಕ್ಕೆ ಕೈ ಹಾಕಿದ್ದೇ ತಡ, ಮಗಳು ಕಿಟಾರನೆ ಕಿರುಚಿದಳು.

“ನನ್ನ ಕುರಿಗೆ ನೋವಾಗತೈತಿ! ಕೀಳಬ್ಯಾಡ!”

ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು. ಕೊಟ್ರೇಶ ಕುರಿಯ ಮೇಲೆ ಟವೆಲು ಹೊದಿಸಿ, ಅದಕ್ಕೆ ಅಡ್ಡವಾಗಿ ನಿಂತ. ಏಕಾಂತಪ್ಪ ಒಳಗೆ ಬಂದರು. ಹಿಂದೆ ನರಸಪ್ಪ. ಇಬ್ಬರೂ ಮೊದಲು ಹೂವಿನ ಗೋಡೆ ನೋಡಿದರು. ಆಮೇಲೆ ನೀಲಿ ಕಿವಿಯ ಕೊಟ್ರೇಶನನ್ನು ನೋಡಿದರು.

“ಸ್ಯಾಂಪಲ್?” ಎಂದರು ಅಪ್ಪ.

“ಅದು... ಅಪ್ಪಾಜಿ... ಏನಾಗೈತೆಂದ್ರ...”

“ತಾತಾ, ಕುರಿ!” ಅಮೂಲ್ಯ ಟವೆಲು ಎಳೆದೇಬಿಟ್ಟಳು.

ತೆಲುಗು ಬಾಯಿಯ ನರಸಪ್ಪ ಕನ್ನಡಕ ಸರಿಮಾಡಿಕೊಂಡ. “ಇದೇಮಿ ಸಾವುಕಾರೂ, ಗೊರ್ರೆನಾ? ಸ್ಯಾಂಪಲ್ ತೋರಸ್ರಿ ಅಂದ್ರ ಕುರಿ ತೋರಸ್ತೀರಲ್ಲ!”

ಕೊಟ್ರೇಶನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಏಕಾಂತಪ್ಪ ಮಾತ್ರ ಬೈಯಲಿಲ್ಲ. ಮೊಣಕಾಲೂರಿ ಕೂತು ಕುರಿಯ ಮುಖದಿಂದ ಒಂದೇ ಒಂದು ಚಿಟಿಕೆ ಹತ್ತಿ ತೆಗೆದು ಎಳೆದು ನೋಡಿದರು. ಹೊಟ್ಟೆಯಿಂದ ಒಂದು ಚಿಟಿಕೆ. ಬೆನ್ನಿಂದ ಒಂದು. ಅವರ ಹುಬ್ಬು ಮೇಲೇರಿತು.

“ನರಸಪ್ಪ, ಇಲ್ಲಿ ಕೈ ಹಾಕಿ ನೋಡು. ಕಲಬೆರಕಿ ಆಗೇ ಇಲ್ಲ! ಮುಖಕ್ಕೆಲ್ಲ ಒಂದನೇ ಲಾಟು. ಹೊಟ್ಟಿಗೆ ಎರಡನೇದು. ಬೆನ್ನಿಗೆ ಮೂರನೇದು.” ಮೊಮ್ಮಗಳ ಕಡೆ ತಿರುಗಿದರು. “ಅಮ್ಮೂ, ಮುಖಕ್ಕ ಯಾಕ ಇದನ್ನ ಹಚ್ಚಿದಿ?”

“ಅದು ಭಾಳ ಮೆತ್ತಗೈತಿ ತಾತ. ಮುಖಕ್ಕ ಮುದ್ದು ಕೊಡಬೇಕಲ್ಲ?”

“ಹೊಟ್ಟಿಗೆ?”

“ಅದೂ ಮೆತ್ತಗೈತಿ. ಮುಖದಷ್ಟಿಲ್ಲ.”

“ಬೆನ್ನಿಗೆ?”

“ಅದು ಗಟ್ಟಿ ಐತಿ. ಎಳದ್ರೂ ಹರಿಯಂಗಿಲ್ಲ. ಮಳಿ ಬಂದ್ರ ಕುರಿ ತೋಯಬಾರ್ದಲ್ಲ?”

ನರಸಪ್ಪ ಬಗ್ಗಿ ತಾನೂ ಎಳೆದು ನೋಡಿ, “ಬಂಗಾರು ತಲ್ಲೀ, ಬಂಗಾರದ ತಾಯಿ! ನಲವತ್ತು ವರ್ಷದ ಕೈ ಇದ್ದಂಗ ಐತಿ!” ಎಂದ.

“ಮತ್ತ ಈ ಬಾಲಕ್ಕ?” ತಾತ ಕೇಳಿದರು.

ಅಮೂಲ್ಯ ಮೂಗು ಮುರಿದಳು. “ಅದು ಚುಚ್ಚತೈತಿ ತಾತ. ಒಳಗ ಎಲಿ ಐತಿ, ಕಸ ಐತಿ. ಬಾಲ ಆದ್ರ ಯಾರೂ ಮುಟ್ಟಂಗಿಲ್ಲ.”

ಎಲ್ಲರೂ ನಕ್ಕರು. ಗಂಡಾಂತರ ತಪ್ಪಿದ ಖುಷಿಯಲ್ಲಿ ಲಾಟಿನ ಲೆಕ್ಕ ಮರೆತು ಕೊಟ್ರೇಶ ಎಲ್ಲರಿಗಿಂತ ಜೋರಾಗಿ ನಕ್ಕ. ಅಷ್ಟಕ್ಕೇ ಸುಮ್ಮನಿರಬಾರದೇ? ತಾನೂ ಬಗ್ಗಿ, ಬಾಲದಿಂದ ಒಂದು ಚಿಟಿಕೆ ಎಳೆದು, ಪಂಡಿತನ ಮುಖ ಮಾಡಿ ಹೇಳಿಯೇಬಿಟ್ಟ:

“ಖರೇ ಹೇಳಿದಿ ಪುಟ್ಟಿ! ಥೂ, ಎಂಥಾ ದರಿದ್ರ ಮಾಲ್ರಿ ಇದು! ಯಾವ ಪುಣ್ಯಾತ್ಮ ಇದನ್ನ ಖರೀದಿ ಮಾಡಿದ್ದು?”

ಏಕಾಂತಪ್ಪ ಮಗನ ಮುಖವನ್ನೇ ನೋಡಿದರು. ಮೆಲ್ಲಗೆ ಅಂದರು:

“ನಾಲ್ಕನೇ ಲಾಟು. ನಂದವರಂ ಕಡೀದು.”

ನರಸಪ್ಪ ವ್ಯವಹಾರಸ್ಥ. ಟ್ರೇನಿಗೆ ಹೊತ್ತಾಗಿತ್ತು. “ಮುಖ, ಹೊಟ್ಟಿ, ಬೆನ್ನು ಮೂರೂ ಕಳಸ್ರಿ ಸಾವುಕಾರೂ. ಬಾಲ ನಮಗ ವದ್ದು, ಬ್ಯಾಡ,” ಎಂದು ಹೇಳಿ, ಅಮೂಲ್ಯಳ ಅಂಟಿನ ಕೈಯನ್ನೇ ಕುಲುಕಿ ಹೊರಟುಹೋದ.

ಸಂಜೆ ಏಳಕ್ಕೆ ಮಹಾಲಕ್ಷ್ಮಿ ಬಂದಾಗ ಗಂಡ ಒದ್ದೆ ಬಟ್ಟೆಯಿಂದ ಗೋಡೆ ಉಜ್ಜುತ್ತಿದ್ದ. ಆಕೆ ಗೋಡೆ ನೋಡಿದಳು, ಬೋಗುಣಿ ನೋಡಿದಳು, ಬೈಯಲೆಂದು ಬಾಯಿ ತೆರೆದಳು. ಆಮೇಲೆ ಗಂಡನ ಮುಖ ನೋಡಿ, ಬ್ಯಾಗು ಕೆಳಗಿಟ್ಟು ಹತ್ತಿರ ಬಂದಳು.

“ಏನಾತ್ರಿ? ನರಸಪ್ಪ ನಿಮ್ಮ ಮಾಲಿಗೆ ಏನಂದ್ರು?”

“ಅಪ್ಪಂದು ಬಾಲ!” ಎಂದು ಅಮೂಲ್ಯ ಒಳಗಿನಿಂದಲೇ ವರದಿ ಒಪ್ಪಿಸಿದಳು.

ಕೊಟ್ರೇಶ ಬಟ್ಟೆ ಕೆಳಗಿಟ್ಟು, ಹೋಗಿ ಅಪ್ಪನ ಮುಂದೆ ಗಾದಿಯ ಅಂಚಿಗೆ ಕೂತ. ಅವನಿಗೆ ನಿಜಕ್ಕೂ ಅಳು ಬಂದಿತ್ತು.

“ತಪ್ಪಾತು ಅಪ್ಪಾಜಿ. ನನ್ನ ಕೈಗೆ ಹತ್ತಿ ತಿಳಿಯಂಗಿಲ್ಲ. ಕೂಸಿಗೆ ತಿಳಿದದ್ದು ನನಗ ತಿಳೀಲಿಲ್ಲ. ತಂದ ದಿನನೇ ನಿಮಗ ಗೊತ್ತಾಗಿತ್ತಲ್ಲ, ಯಾಕ ಹೇಳಲಿಲ್ಲ?”

ಏಕಾಂತಪ್ಪ ಕೂತಲ್ಲೇ ಗಾದಿಯನ್ನು ಎರಡು ಸಲ ತಟ್ಟಿದರು.

“ನನಗೂ ನಮ್ಮಪ್ಪ ಹೇಳಿದ್ದಿಲ್ಲಲೇ. ನನ್ನ ಮೊದಲನೇ ಲಾಟು, ಯಾವ ಮಿಲ್ಲಿನಾಂವನೂ ಮುಟ್ಟಲಿಲ್ಲ. ಎಲ್ಲಾರೂ ನಕ್ಕರು. ಕಡೀಕ ಅದನ್ನ ಸಿಕ್ಕ ರೇಟಿಗೆ ಕೊಟ್ಟು, ಒಂದಿಷ್ಟು ಉಳಿಸಿಕೊಂಡು ನಮ್ಮಪ್ಪ ಏನು ಮಾಡಿಸಿದ ಗೊತ್ತೇನು? ಈ ಗಾದಿ! ‘ದಿನಾ ಇದರ ಮ್ಯಾಲೆ ಕುಂತು ವ್ಯಾಪಾರ ಮಾಡು, ಚುಚ್ಚಿದಾಗೆಲ್ಲ ನೆನಪು ಬರ್ತೈತಿ’ ಅಂದ. ಹಂಗ ಕುಂತು ಕುಂತೇ ನನಗ ಹತ್ತಿ ತಿಳಿಯೋ ಕೈ ಬಂತು. ನಿನ್ನ ಮಾಲಿನ್ಯಾಗೂ ಒಂದು ಗಾದಿ ಮಾಡಿಸೋಣು, ಬಿಡು.”

ಕೊಟ್ರೇಶ ಬಾಯಿ ತೆರೆದು ಅಪ್ಪನನ್ನೇ ನೋಡಿದ. ಮಹಾಲಕ್ಷ್ಮಿ ಸೆರಗಿನಿಂದ ಗಂಡನ ನೀಲಿ ಕಿವಿ ಒರೆಸಿದಳು.

ಅಷ್ಟರಲ್ಲಿ ಅಮೂಲ್ಯ ಬಂದು ಗಾದಿಯ ಹರಿದ ಮೂಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಹೊರಗೆ ಇಣುಕುತ್ತಿದ್ದ ಹತ್ತಿಯನ್ನು ಒಂದು ಚಿಟಿಕೆ ತೆಗೆದಳು. ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು, ಥೇಟ್ ತಾತನ ಹಾಗೆ ಎಳೆದು ನೋಡಿದಳು. ಮೂಗು ಮುರಿದಳು.

“ತಾತಾ, ಇದೂ ಬಾಲನೇ!”

“ಹೂಂ,” ಎಂದರು ಏಕಾಂತಪ್ಪ.