ರೇಣುಕಪ್ರಸಾದರ ದಾಳಶಾಸ್ತ್ರ

ಆರು ವರ್ಷಗಳಿಂದ ರೇಣುಕಪ್ರಸಾದರ ಕಾಫಿ ತೋಟಕ್ಕೆ ಕೆರೆಯ ತಳದ ಬಗ್ಗಡವೇ ಗತಿಯಾಗಿತ್ತು. ಮನುಷ್ಯ ಏನನ್ನಾದರೂ ಸಹಿಸಿಯಾನು, ದಾಯಾದಿಯ ತೋಟಕ್ಕೆ ತಿಳಿನೀರು ಹೋಗುವುದನ್ನು ಸಹಿಸುವುದು ಕಷ್ಟ.

ಶನಿವಾರಸಂತೆಯಿಂದ ನಾಲ್ಕು ಮೈಲಿ ಆಚೆಗಿನ ಆ ಊರಿನಲ್ಲಿ ಅಜ್ಜನ ಕಾಲಕ್ಕೆ ಪಾಲಾದಾಗ ತೋಟ, ಮನೆ, ಕಡೆಗೆ ಹಿತ್ತಾಳೆ ಹಂಡೆ ಸಹ ಎರಡು ಪಾಲಾದವು. (ಹಂಡೆ ಒಬ್ಬರಿಗೆ, ಮುಚ್ಚಳ ಇನ್ನೊಬ್ಬರಿಗೆ.) ಕೆರೆಯನ್ನು ಮಾತ್ರ ಕಡಿದು ಹಂಚಲು ಯಾರಿಗೂ ಆಗಲಿಲ್ಲ. ಹಾಗಾಗಿ ಕೆರೆಯೂ, ಆಮೇಲೆ ಸೇರಿ ಕೊಂಡ ಡೀಸೆಲ್ ಪಂಪು ಮತ್ತು ಸ್ಪ್ರಿಂಕ್ಲರ್ ಪೈಪುಗಳೂ ರೇಣುಕಪ್ರಸಾದರಿಗೂ ಅವರ ಚಿಕ್ಕಪ್ಪನ ಮಗ ನಂಜಪ್ಪನಿಗೂ ಜಂಟಿಯಾಗಿಯೇ ಉಳಿದವು. ಫೆಬ್ರವರಿ ಕಳೆದರೂ ಹೂಮಳೆ ಬಾರದೇ ಹೋದರೆ ಕಾಫಿ ಮೊಗ್ಗು ಅರಳಲು ಸ್ಪ್ರಿಂಕ್ಲರಿನಲ್ಲಿ ನೀರು ಕೊಡಬೇಕು. ಮೊದಲು ಪಂಪು ಹಿಡಿದವನಿಗೆ ಮೇಲಿನ ತಿಳಿನೀರು. ಎರಡನೆಯವನಿಗೆ ಕೆಸರು, ಜೊಂಡು ಮತ್ತು ಗಳಿಗೆಗೊಂದು ಸಲ ನೀರು ಚಿಮ್ಮುವ ಜೆಟ್ಟಿನ ಬಾಯಿಗೆ ಸಿಕ್ಕಿಕೊಳ್ಳುವ ಕಪ್ಪೆಮರಿ. ಮೊದಲ ಸರದಿ ಯಾರದೆಂದು ವೀರಭದ್ರನ ಗುಡಿಯಲ್ಲಿ ಚೀಟಿ ಎತ್ತುವುದು ಪದ್ಧತಿ. ಆರು ವರ್ಷವೂ ಚೀಟಿ ನಂಜಪ್ಪನ ಹೆಸರಿಗೇ ಬಂತು.

ಹೀಗೆ ದೇವರೇ ಕೈಬಿಟ್ಟ ಮೇಲೆ ರೇಣುಕಪ್ರಸಾದರು ಫೋನಿನ ಮೊರೆಹೋದರು. ಅದರಲ್ಲಿ ‘ದಾಳ ದರ್ಬಾರ್’ ಎಂಬ ಆಟವಿತ್ತು. ದಾಳವನ್ನು ಬೆರಳಿನಿಂದ ಒತ್ತಿದರೆ ಅದು ಗಿರಗಿರ ತಿರುಗಿ ಒಂದರಿಂದ ಆರರವರೆಗೆ ತನಗೆ ತೋಚಿದ್ದನ್ನು ತೋರಿಸುತ್ತದೆ, ಅಷ್ಟು ಮನೆ ಕಾಯಿ ನಡೆಸಬೇಕು. ನಮ್ಮನಿಮ್ಮಂಥವರು ಇದನ್ನು ಅದೃಷ್ಟ ಎಂದು ಕರೆದು ಸುಮ್ಮನಾಗುತ್ತೇವೆ. ರೇಣುಕಪ್ರಸಾದರು ಇದರಲ್ಲಿ ಶಾಸ್ತ್ರ ಕಂಡರು. ಆಳುಗಳ ಹಾಜರಿ ಪುಸ್ತಕದ ಹಿಂಭಾಗದಲ್ಲಿ ಒಂದು ವರ್ಷ ಬರೆದು ಬರೆದು ಅವರು ಕಂಡುಕೊಂಡ ಸಿದ್ಧಾಂತಗಳು ಹಲವಾರು. ಸತತ ಮೂರು ಸಲ ಒಂದು ಬಿದ್ದರೆ ನಾಲ್ಕನೆಯದು ಆರು. ಎಡಗೈ ಹೆಬ್ಬೆರಳಿಗೆ ಐದು ಹೆಚ್ಚು. ದಾಳವನ್ನು ಗದರಿಸಿದಂತೆ ಒತ್ತಬಾರದು, ಕರುವಿನ ಹಣೆ ಸವರಿದಂತೆ ಒತ್ತಬೇಕು. ನಾಲ್ಕನೆಯದು ಆರು ಬೀಳದಿದ್ದರೆ ಅದು ಸಿದ್ಧಾಂತದ ತಪ್ಪಲ್ಲ, ನೆಟ್‌ವರ್ಕಿನ ತಪ್ಪು.

ಹೆಂಡತಿ ವಿಮಲಮ್ಮ ಒಮ್ಮೆ ಆ ಪುಸ್ತಕ ತಿರುವಿ ನೋಡಿ, ಆಳು ಮುತ್ತಿ ಎರಡು ವಾರದಿಂದ ಕೆಲಸಕ್ಕೆ ಬಂದಿದ್ದಾಳೋ ಇಲ್ಲವೋ ಇದರಲ್ಲಿ ತಿಳಿಯುತ್ತಿಲ್ಲ, ಆದರೆ ಆರು ಯಾವ್ಯಾವಾಗ ಬಂದಿದೆ ಎಂಬುದಕ್ಕೆ ಪಕ್ಕಾ ಲೆಕ್ಕವಿದೆ ಎಂದರು. ರೇಣುಕಪ್ರಸಾದರು ಇದನ್ನು ಹೊಗಳಿಕೆ ಎಂದುಕೊಂಡರು.

ಈ ವರ್ಷ ಮಾರ್ಚಿ ಬಂದರೂ ಆಕಾಶ ಬೋಳಾಗಿತ್ತು. ರೇಣುಕಪ್ರಸಾದರು ನಂಜಪ್ಪನ ಮನೆಗೆ ಹೋಗಿ, ಚೀಟಿ ಎತ್ತುವುದು ಕುರುಡು ಅದೃಷ್ಟ, ಬುದ್ಧಿವಂತರಿಗೆ ತಕ್ಕದ್ದಲ್ಲ, ಈ ಸಲ ‘ದಾಳ ದರ್ಬಾರ್’ ಆಡಿ ಗೆದ್ದವರು ಮೊದಲು ಪಂಪು ಹಿಡಿಯೋಣ ಎಂದು ಭಾಷಣ ಮಾಡಿದರು. ನಂಜಪ್ಪ ಜಗುಲಿಯ ಕುರ್ಚಿಯಲ್ಲಿ ಒರಗಿದ್ದ. ಎದ್ದು ವಾದಿಸುವುದಕ್ಕಿಂತ ಕೂತು ಒಪ್ಪುವುದು ಸುಲಭವೆಂದು ನಂಬಿದವನು ಅವನು. “ಆಗ್ಲಿ ಕಣಣ್ಣ” ಎಂದ. ಆದರೆ ಕನ್ನಡಕ ಒಳಗಿತ್ತು. ಅದನ್ನು ತರಲು ಏಳಬೇಕಾಗುತ್ತಿತ್ತು. ಆದ್ದರಿಂದ ಕಣದಲ್ಲಿ ಒಣಹಾಕಿದ್ದ ಕರಿಮೆಣಸು ಕೆದಕುತ್ತಿದ್ದ ಲಿಂಗಿಯನ್ನು ಕರೆದು, ತನ್ನ ಪರವಾಗಿ ಅದನ್ನು ಒಂದಿಷ್ಟು ಒತ್ತು ಎಂದ.

ಲಿಂಗಿ ಆ ತೋಟದಲ್ಲಿ ಇಪ್ಪತ್ತು ವರ್ಷ ದುಡಿದ ಹೆಂಗಸು. ಸಿದ್ಧಾಂತ ಗಿದ್ಧಾಂತ ಅವಳಿಗೆ ಗೊತ್ತಿಲ್ಲ. ಮೆಣಸಿನ ಧೂಳು ಮೆತ್ತಿದ ಬೆರಳಿನಲ್ಲಿ, ಹೇನು ಕುಕ್ಕಿದಂತೆ ಟಪ್ಪೆಂದು ಒತ್ತಿದಳು. ಆರು ಬಿತ್ತು. ಮತ್ತೆ ಒತ್ತಿದಳು, ಮತ್ತೂ ಆರು. ರೇಣುಕಪ್ರಸಾದರು ಪೂರ್ವಕ್ಕೆ ಮುಖ ಮಾಡಿ, ಉಸಿರು ಹಿಡಿದು, ಎಡ ಹೆಬ್ಬೆರಳಿನಿಂದ ಕರುವಿನ ಹಣೆ ಸವರಿದರು. ಒಂದು ಬಿತ್ತು. ಇಪ್ಪತ್ತೇ ನಿಮಿಷದಲ್ಲಿ ಲಿಂಗಿಯ ನಾಲ್ಕೂ ಕಾಯಿ ಹಣ್ಣಾಗಿ ಮನೆ ಸೇರಿದ್ದವು. ಅವಳು ಕೈ ಒರೆಸಿಕೊಂಡು ಮೆಣಸಿನ ಕಡೆ ಹೊರಟಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಿಜವಾದ ಶಾಸ್ತ್ರಜ್ಞ ಒಂದು ಆಟದಲ್ಲಿ ಸೋಲುವುದಿಲ್ಲ. ಒಂದೇ ಆಟದಲ್ಲಿ ತಂತ್ರ ತನ್ನ ಗುಣ ತೋರುವುದಿಲ್ಲ, ಮೂರರಲ್ಲಿ ಎರಡು ಗೆದ್ದವನೇ ಗೆದ್ದವನು ಎಂದು ರೇಣುಕಪ್ರಸಾದರು ಸ್ಥಳದಲ್ಲೇ ಕಾನೂನು ಮಾಡಿದರು. ಮರುದಿನ ಐದರಲ್ಲಿ ಮೂರಾಯಿತು. ಅದರ ಮರುದಿನ ಒಂಬತ್ತರಲ್ಲಿ ಐದಾಯಿತು. ನಂಜಪ್ಪ ಪ್ರತಿ ತಿದ್ದುಪಡಿಗೂ “ಆಗ್ಲಿ ಕಣಣ್ಣ” ಎಂದ. ಲಿಂಗಿ ದಿನಕ್ಕೆರಡು ಸಲ ಬಂದು ಟಪ್ಪೆಂದು ಒತ್ತಿ, ಗೆದ್ದು, ಎದ್ದು ಹೋದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ರೇಣುಕಪ್ರಸಾದರು ಒಂದು ದಿನ ಚಾರ್ಜು ಕಡಿಮೆ ಎಂದರು, ಒಂದು ದಿನ ಕಾಡು ಪಕ್ಕದಲ್ಲಿರುವುದರಿಂದ ಸಿಗ್ನಲ್ ವಕ್ರ ಎಂದರು, ಇನ್ನೊಂದು ದಿನ ಲಿಂಗಿಯ ಬೆರಳಿನ ಮೆಣಸಿನ ಘಾಟು ದಾಳದ ಮೇಲೆ ಪರಿಣಾಮ ಮಾಡುತ್ತಿದೆ ಎಂದರು.

ಪಂಪು ಷೆಡ್ಡಿನಲ್ಲಿ ಕೂತಿತ್ತು, ತೋಟದಲ್ಲಿ ಮೊಗ್ಗು ಕಾದಿತ್ತು. ಐದನೆಯ ದಿನ ವಿಮಲಮ್ಮನ ತಾಳ್ಮೆ ಮುಗಿಯಿತು.

“ಸೋತಿದ್ದೀರ, ಒಪ್ಕೊಂಡು ಬಿಡ್ರೀ. ಅವನು ಮೊದಲು ಹಾಯಿಸ್ಕೊಳ್ಳಿ, ಆಮೇಲೆ ಬಗ್ಗಡನೋ ಗಿಗ್ಗಡನೋ ನಾವೂ ಹಾಯಿಸಣ. ಗಿಡಕ್ಕೆ ತಿಳಿನೀರು ಯಾವ್ದು, ಕೆಸರು ಯಾವ್ದು ಅಂತ ಗೊತ್ತಾಗತ್ತಾ?”

“ಗಿಡದ ಮಾತಲ್ಲ ವಿಮ್ಲಾ. ಆರು ವರ್ಷ ಅವನ ಎಂಜಲು ನೀರು ಹಾಯಿಸಿದೀನಿ. ಛಲ ಅನ್ನೋದು ಒಂದಿದೆ.”

“ಛಲ ಇರ್ಬೇಕಾದ್ದೇ. ದಾಳದ ಹತ್ರ ಅಲ್ಲ.”

ಆರನೆಯ ದಿನ ಶನಿವಾರ. ಲಿಂಗಿ ಸಂತೆಗೆ ಹೋಗಿದ್ದಳು. ಬೇರೆ ದಾರಿಯಿಲ್ಲದೆ ನಂಜಪ್ಪನೇ ಫೋನು ಹಿಡಿದ. ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ ಉಂಡಿದ್ದ. ಎರಡು ಸಲ ಒತ್ತುವಷ್ಟರಲ್ಲಿ ಗೊರಕೆ ಶುರುವಾಯಿತು. ಆಡುವವನು ಒತ್ತದೇ ಹೋದರೆ ಆಟವೇ ಅವನ ಪರವಾಗಿ ಹೇಗೋ ಒಂದು ಕಾಯಿ ನಡೆಸಿಕೊಳ್ಳುತ್ತದೆ. ಹೀಗೆ ರೇಣುಕಪ್ರಸಾದರು ಎಚ್ಚರವಿಲ್ಲದ ಎದುರಾಳಿಯ ವಿರುದ್ಧ ಸಂಜೆಯವರೆಗೆ ಕಾದಾಡಿ, ಮೊದಲ ಎರಡು ಆಟ ಸೋತು, ಮೂರನೆಯದನ್ನು ಗೆದ್ದರು. ಕಡೆಯ ಆಟ ಗೆದ್ದವನೇ ಒಟ್ಟು ಗೆದ್ದವನು ಎಂಬುದು ಅಂದು ಮಧ್ಯಾಹ್ನ ಜಾರಿಗೆ ಬಂದ ಕಾನೂನು. ನಂಜಪ್ಪನನ್ನು ಅಲುಗಾಡಿಸಿ ಎಬ್ಬಿಸಿ, ತಂತ್ರ ಮತ್ತು ಛಲ ಎರಡೂ ಸೇರಿದರೆ ಅದೃಷ್ಟ ತಾನಾಗಿ ದಾಸಿಯಾಗುತ್ತದೆ ಎಂದು ಬೋಧಿಸಿದರು. ನಂಜಪ್ಪ ಷೆಡ್ಡಿನ ಬೀಗದ ಕೈ ಕೊಟ್ಟು ಮತ್ತೆ ಮಲಗಿದ.

ಮರುದಿನದಿಂದ ಮೂರು ದಿನ ರೇಣುಕಪ್ರಸಾದರ ತೋಟದಲ್ಲಿ ತಿಳಿನೀರಿನ ವೈಭವ. ಜೆಟ್ಟು ತಿರುಗಿದಲ್ಲೆಲ್ಲ ಅವರೂ ತಿರುಗಿದರು. ಒಂದು ಕಪ್ಪೆಮರಿಯೂ ಸಿಕ್ಕಲಿಲ್ಲ. ಕೆರೆಯಲ್ಲಿ ಉಳಿದ ಕೆಸರನ್ನು ನಂಜಪ್ಪನಿಗೆ ಧಾರೆಯೆರೆದು ಪಂಪನ್ನು ಒಪ್ಪಿಸಿದರು. ನಂಜಪ್ಪ ಕೆರೆಯನ್ನು ನೋಡಿದ, ಆಕಾಶವನ್ನು ನೋಡಿದ, ಈ ಕೆಸರಿಗೆ ಯಾರು ಡೀಸೆಲ್ ಸುಡುತ್ತಾರೆ, ನಾಲ್ಕು ದಿನ ನೋಡೋಣ ಎಂದು ಕುರ್ಚಿಗೆ ಮರಳಿದ. ಅವನ ಸೋಮಾರಿತನ ಕಂಡು ರೇಣುಕಪ್ರಸಾದರಿಗೆ ನಿಜವಾಗಿಯೂ ಮರುಕ ಹುಟ್ಟಿತು.

ನೀರು ಬಿದ್ದ ಎಂಟನೆಯ ದಿನಕ್ಕೆ ಕಾಫಿ ಹೂ ಅರಳುತ್ತದೆ. ಅರಳಿತು. ಬೆಳಿಗ್ಗೆ ಎದ್ದು ನೋಡಿದರೆ ಗಿಡಗಿಡವೂ ಬೆಳ್ಳಗೆ, ರೆಂಬೆಯಲ್ಲಿ ಎಲೆಯೇ ಕಾಣದಷ್ಟು ಹೂ, ಮಲ್ಲಿಗೆಯನ್ನು ಮೀರಿಸುವ ಘಮ, ಜೇನುನೊಣಗಳ ಗುಂಯ್. ರೇಣುಕಪ್ರಸಾದರು ತೋಟದ ನಡುವೆ ನಿಂತರು. ಆರು ವರ್ಷದಲ್ಲಿ ತೋಟ ಹೀಗೆ ಹೂ ಬಿಟ್ಟಿರಲಿಲ್ಲ. ವಿಮಲಮ್ಮನನ್ನು ಕರೆದು ತೋರಿಸಿದರು. ಆಕೆ ಒಂದು ರೆಂಬೆಯನ್ನು ಕೆನ್ನೆಗೆ ತಾಗಿಸಿಕೊಂಡರು. ಈ ವರ್ಷ ಫಸಲು ನಮ್ಮದೇ ಎಂದು ಇಬ್ಬರಿಗೂ ಅನ್ನಿಸಿತು.

ಮಧ್ಯಾಹ್ನ ಮೂರಕ್ಕೆ ಗುಡುಗಿತು.

ತೋಟ ಮಾಡಿದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಮೊಗ್ಗಿನ ಮೇಲೆ ಬಿದ್ದರೆ ಅದು ಹೂಮಳೆ. ಅರಳಿದ ಹೂವಿನ ಮೇಲೆ ಬಿದ್ದರೆ ಹೂ ಕೊಳೆಯುತ್ತದೆ, ಕಾಯಿ ಕಚ್ಚುವುದಿಲ್ಲ. ಮೂರು ದಿನ ಬಿಡದೆ ಹೊಯ್ಯಿತು. ಜಗುಲಿಯಲ್ಲಿ ಕೊಡೆ ಹಿಡಿದು ಕೂತ ರೇಣುಕಪ್ರಸಾದರ ಕಣ್ಣೆದುರೇ (ಜಗುಲಿಯಲ್ಲಿ ಕೊಡೆ ಏಕೆಂದು ಅವರನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ) ಬಿಳುಪೆಲ್ಲ ಕಂದಾಗಿ, ಕಂದೆಲ್ಲ ಕಪ್ಪಾಗಿ, ನೆಲಕ್ಕಿಳಿಯಿತು. ಅದೇ ಮಳೆ ಬೇಲಿಯಾಚೆ ನಂಜಪ್ಪನ ಒಣಮೊಗ್ಗಿನ ಮೇಲೆ ಹದವಾಗಿ ಬಿತ್ತು. ಎಂಟು ದಿನ ಬಿಟ್ಟು, ಹೊಳೆಯುವ ಬಿಸಿಲಿನಲ್ಲಿ ಅವನ ತೋಟ ಅರಳಿತು. ಒಂದು ಹನಿ ಡೀಸೆಲ್ ಖರ್ಚಿಲ್ಲ, ಕುರ್ಚಿ ಬಿಟ್ಟೆದ್ದಿದ್ದೂ ಇಲ್ಲ.

ವಿಮಲಮ್ಮ ಕ್ಯಾಲೆಂಡರ್ ತೆಗೆದು ಬೆರಳಿಟ್ಟು ಎಣಿಸಿದರು. ಮೊದಲನೇ ದಿನವೇ ಸೋಲೊಪ್ಪಿಕೊಂಡಿದ್ದರೆ ನಂಜಪ್ಪನದು ಮೂರು ದಿನ, ನಮ್ಮದು ಮೂರು ದಿನ, ಮಳೆ ಬರುವ ಮುಂಚೆಯೇ ಹೂ ಅರಳಿ ಕಾಯಿ ಕಚ್ಚಿರುತ್ತಿತ್ತು. “ಬಗ್ಗಡದಲ್ಲೇ” ಎಂದು ಸೇರಿಸಿದರು. ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ಇಲ್ಲಿ ಸೋತವನು ನಿದ್ದೆ ಮಾಡಿದ, ಗೆದ್ದವನು ಸತ್ತ.

ನಂಜಪ್ಪ ಕೃತಜ್ಞತೆಯಿಲ್ಲದವನಲ್ಲ. ಒಂದು ತಟ್ಟೆ ಕಜ್ಜಾಯ ಹಿಡಿದು ತಾನೇ ನಡೆದು ಬಂದ. “ಅಣ್ಣ, ನೀನು ಹಟ ಹಿಡ್ದು ಗೆಲ್ದೇ ಇದ್ದಿದ್ರೆ ನಾನು ಮೊದ್ಲೇ ಪಂಪು ಹಚ್ಕೊಂಡು ಡೀಸೆಲ್ ದಂಡ ಮಾಡ್ತಿದ್ದೆ. ಮುಂದಿನ ವರ್ಷನೂ ಆಡಣ” ಎಂದ. ರೇಣುಕಪ್ರಸಾದರು ಕಜ್ಜಾಯ ಮುಟ್ಟಲಿಲ್ಲ. ಹಾಜರಿ ಪುಸ್ತಕ ತೆಗೆದು, ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದುದು ಒಂದು ಸಣ್ಣ ಲೋಪ ಎಂದು ಬರೆದು, ಮಳೆಯ ಬಗ್ಗೆಯೂ ಹೊಸ ಶಾಸ್ತ್ರ ಶುರುಮಾಡಿದರು.

ಶಾಸ್ತ್ರಕ್ಕೆ ಬೆಲೆ ಬರಲು ಒಂದು ವರ್ಷ ಹಿಡಿಯಿತು. ಮುಂದಿನ ಫೆಬ್ರವರಿಯಲ್ಲಿ ಫೋನುಗಳು ಬರತೊಡಗಿದವು. ಊರಿನವರು, ಪಕ್ಕದ ಊರಿನವರು, ತಿತಿಮತಿಯ ಕಡೆಯ ಯಾರೋ ಪೂವಯ್ಯ ಎಂಬುವರು ಸಹ, ಈ ಸಲ ನೀವು ನೀರು ಯಾವತ್ತು ಹಾಯಿಸುತ್ತೀರಿ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ರೇಣುಕಪ್ರಸಾದರು ಬೀಗಿದರು. ಹನ್ನೆರಡನೇ ತಾರೀಖು ಎಂದು ಎಲ್ಲರಿಗೂ ಕಾರಣಸಮೇತ ವಿವರಿಸಿದರು. ಕಡೆಗೂ ಜನಕ್ಕೆ ಬುದ್ಧಿ ಬಂತು, ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಾರೆ ಎಂದು ಹೆಂಡತಿಗೆ ಹೇಳಲು ಅಡುಗೆಮನೆಗೆ ಹೋದರು.

ವಿಮಲಮ್ಮ ಬಾಗಿಲಿಗೆ ಬೆನ್ನು ಹಾಕಿ ಫೋನಿನಲ್ಲಿದ್ದರು. ಆ ಕಡೆ ಇದ್ದವನು ಬಿಟ್ಟಂಗಾಲದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಅವರ ಸ್ವಂತ ತಮ್ಮ.

“ನಿಮ್ಮ ಭಾವ ಹನ್ನೆರಡಕ್ಕೆ ಅಂತ ಕೂತಿದ್ದಾರೆ ಕಣೋ” ಎಂದು ಆಕೆ ಹೇಳುತ್ತಿದ್ದರು. “ಹಂಗಾದ್ರೆ ಇಪ್ಪತ್ತಕ್ಕೆ ಮಳೆ ಗ್ಯಾರಂಟಿ. ನೀನು ಪಂಪು ಗಿಂಪು ಇಳಿಸೋಕೆ ಹೋಗ್ಬೇಡ, ಸುಮ್ನೆ ಕೂತ್ಕೋ.”