ಬೆಲ್ ಬಾಟಮ್ ಬಂದ ದಾರಿಯಲ್ಲೇ ಬಿ.ಎಸ್ಸಿ.

ಯಾವ ಹೊಸದೂ ನಮ್ಮ ಮಾನ್ವಿಗೆ ನೇರವಾಗಿ ಬರುವುದಿಲ್ಲ. ಬೆಲ್ ಬಾಟಮ್ ಹೇಗೆ ಬಂತೆಂದು ನಾನು ಬಲ್ಲೆ, ಹೊಲಿದವನೇ ನಾನು. ಪರದೇಶದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಮೆರೆದು, ರಾಯಚೂರಿನಲ್ಲಿ ಸುಸ್ತಾಗಿ ನನ್ನ ಅಂಗಡಿಗೆ ಬರುವ ಹೊತ್ತಿಗೆ ಅತ್ತ ಪರದೇಶದವರು ಪ್ಯಾಂಟಿನ ಬಾಯಿ ಸಣ್ಣದು ಮಾಡಿಕೊಂಡಿದ್ದರು. ಕಾಲೇಜಿನ ಓದೂ ಇದೇ ದಾರಿಯಲ್ಲಿ ಬರುತ್ತದೆಂದು ಮೊಮ್ಮಗಳು ಶಾಂತಾ ಪಿಯುಸಿ ಪಾಸಾದಾಗ ತಿಳಿಯಿತು. ಜಗತ್ತೆಲ್ಲ ವಿಜ್ಞಾನ, ಕಂಪ್ಯೂಟರು ಎನ್ನುತ್ತಿದೆ, ನಾವೂ ಹಿಂದೆ ಬೀಳಬಾರದು ಎಂದು ರೇಡಿಯೊ ಹೇಳುತ್ತಿತ್ತು. ಅದಕ್ಕೇ ನಮ್ಮೂರ ಕಾಲೇಜಿಗೂ ಬಿ.ಎಸ್ಸಿ. ಮಂಜೂರಾಗಿತ್ತು.

ಶಾಂತಾ ಓದುತ್ತೇನೆಂದು ಹಟ ಹಿಡಿದಳು. ನನ್ನ ಮಗ ಈರಣ್ಣ, "ಊರಾಗ ಬಂದ್ರ ಓದಲಿ. ರಾಯಚೂರಿಗೆ ದಿನಾ ಬಸ್ಸಿನ್ಯಾಗ ನಾ ಕಳಸಾಂಗಿಲ್ಲ. ಬರಲಿಲ್ಲಂದ್ರ ದೇವದುರ್ಗದ ಗಂಡಿಗೆ ಹ್ಞೂಂ ಅಂತೀನಿ" ಎಂದ. ಅಷ್ಟರಲ್ಲಿ ಸರಕಾರವೇ ಬದಲಾಯಿತು. ಹಳಬರು ಕೊಟ್ಟದ್ದನ್ನೆಲ್ಲ ಹೊಸಬರು ಮತ್ತೊಮ್ಮೆ ನೋಡುತ್ತಾರಂತೆ; ಬಿ.ಎಸ್ಸಿ. ಅಲ್ಲಿಗೇ ನಿಂತಿತು.

ಹೊಸ ಪಕ್ಷಕ್ಕೆ ನಮ್ಮ ಕಡೆಯ ಮುಖಂಡರೆಂದರೆ ಮಲ್ಲಟದ ಗೌಡರು. ಕೇಳಿದೊಡನೆ ನಾನು ಕಪಾಟಿನ ಕಡೆ ನೋಡಿದೆ. ನಮ್ಮ ಕಸುಬಿನಲ್ಲಿ ಒಂದು ರೂಢಿ ಉಂಟು: ಗೆದ್ದವರ ಜುಬ್ಬಾ ಮೊದಲು, ಸೋತವರದು ನಾಳೆ. ಹಿಂದಿನ ಚುನಾವಣೆಯಲ್ಲಿ ಸೋತಿದ್ದ ಗೌಡರ ಬಟ್ಟೆ ಯುಗಾದಿಯಿಂದಲೂ ನನ್ನ ಕಪಾಟಿನಲ್ಲೇ ತಣ್ಣಗೆ ಮಲಗಿತ್ತು. ಕೂತ ಕೂತಲ್ಲೇ ಹೊಲಿದು, ಇಸ್ತ್ರಿ ಹಾಕಿ, ಮಲ್ಲಟಕ್ಕೆ ಓಡಿದೆ.

"ಯಾಕಜ್ಜಾ, ನಾವು ಗೆದ್ದಮ್ಯಾಲೆ ನಿನ್ನ ಮಿಷನ್ನಿಗೆ ಎಣ್ಣಿ ಬಿತ್ತೇನು?"

"ಮೊಮ್ಮಗಳ ಬಿ.ಎಸ್ಸಿ. ನಿಂತುಬಿಟ್ಟದ್ರಿ ಗೌಡ್ರ."

"ನಾಳೆ ಬಾ."

ಮರುದಿನ ಹೋದೆ. "ಎಲ್ಲಾ ಆಗ್ಯದ, ಗುಂಡಿಗೆ ಕಾಜಾ ಹಾಕೋದೊಂದು ಉಳದದ. ನಾಡಿದ್ದು ಬಾ" ಎಂದರು. ಪಕ್ಕದಲ್ಲಿ ಕುಳಿತವರೆಲ್ಲ ನಕ್ಕರು, ಅವರೂ ನನ್ನ ಗಿರಾಕಿಗಳೇ.

ಕೊನೆಗೆ ಬಿ.ಎಸ್ಸಿ. ಬಂತು. ಹೊಸ ಸರಕಾರಕ್ಕೂ ಪರದೇಶದ ಗಾಳಿ ತಾಗಿತ್ತೇನೋ, ಹಳಬರ ಆದೇಶವನ್ನೇ ತಮ್ಮದೆಂದು ಹೊರಡಿಸಿದರು. ಮಾಡಿಸಿದವನು ನಾನೇ ಎಂದರು ಗೌಡರು. ಈ ಸಲ ಸೋತವರು ಅಂಗಡಿಗೇ ಬಂದು ಅದು ನಮ್ಮ ಕಾಲದ್ದು ಎಂದರು. ನಾನು ಇಬ್ಬರಿಗೂ ಕೈಮುಗಿದೆ. ಈರಣ್ಣ ದೇವದುರ್ಗದವರಿಗೆ ಬೇರೆ ಹೆಣ್ಣು ನೋಡಿಕೊಳ್ಳಿರೆಂದು ಹೇಳಿ ಕಳಿಸಿದ. ಆ ದಿನ ನಾನು ಎರಡು ಹೋಳಿಗೆ ಹೆಚ್ಚೇ ತಿಂದೆ.

ಕಾಲೇಜು ಶುರುವಾದ ದಿನ ಅಂಗಡಿ ಮುಚ್ಚಿ ಶಾಂತಾಳ ಹಿಂದೆಯೇ ಹೋದೆ. ಕಿಟಕಿಯಲ್ಲಿ ಇಣುಕುತ್ತಿದ್ದವನನ್ನು ಮೇಷ್ಟ್ರು, "ಒಳಗ ಬರ್ರಿ ಯಜಮಾನ್ರ" ಎಂದು ಕರೆದು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಶಾಂತಾ ತಿರುಗಿ, "ಯಜ್ಜಾ, ಮನಿಗೆ ಹೋಗು. ನಿನ್ನ ಹೆಸರೂ ಹಾಜರಿಗೆ ಹಾಕಿಬಿಟ್ಟಾರು" ಎಂದು ಪಿಸುಗುಟ್ಟಿದಳು. ನನಗೆ ಏಳುವ ಮನಸ್ಸಿರಲಿಲ್ಲ. ನಿಜಾಮರ ಕಾಲದಲ್ಲಿ ಉರ್ದು ತಲೆಗೆ ಹತ್ತದೆ ಎರಡನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಈಗ ನೇರ ಬಿ.ಎಸ್ಸಿ.ಯಲ್ಲಿ ಕುಳಿತಿದ್ದೆ. ಪಾಠ ಇಂಗ್ಲಿಷಿನಲ್ಲಿ, ಒಂದಕ್ಷರ ತಿಳಿಯಲಿಲ್ಲ, ಆದರೂ ತಲೆಯಾಡಿಸುತ್ತಿದ್ದೆ.

ಮೇಷ್ಟ್ರು ಬರೆಯಲು ಬೋರ್ಡಿನ ಕಡೆ ತಿರುಗಿದರು. ಅವರ ಪ್ಯಾಂಟಿನ ಹಿಂಬದಿಯ ಹೊಲಿಗೆ ಗೇಣುದ್ದ ಬಿಚ್ಚಿತ್ತು. ನೋಡಿದೊಡನೆ ಗುರುತು ಹತ್ತಿತು, ನನ್ನದೇ ಕೈಕೆಲಸ. ಹಾಜರಿ ಕೂಗುವ ಮೊದಲೇ ಎದ್ದು ಬಂದೆ.